ಹತ್ತಕ್ಕೆ ಒಂದೂವರೆ ಅಂಕ

ಬೆಳಗಿನ ಐದೂಮುಕ್ಕಾಲು. ಐದು ಮಹಡಿಯ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಆಗಲೇ ದೀಪ ಹತ್ತಿದೆ. ಎಂಟಡಿ ಉದ್ದ, ಆರಡಿ ಅಗಲದ ಜಾಗ. ಹಿಂಬದಿಯಲ್ಲಿ ಮೆಟ್ಟಿಲು ಇಳಿಜಾರಾಗಿ ಬರುವುದರಿಂದ ಮೈಮರೆತು ತಲೆ ಎತ್ತಿದವರ ನೆತ್ತಿ ಊದಿಕೊಳ್ಳುವುದು ಖಂಡಿತ. ಇಸ್ತ್ರಿ ಮಾಮ ಪೆಟ್ಟಿಗೆಯ ಪ್ಲಗ್ಗು ಸಿಕ್ಕಿಸಿ, ಒಂದು ನಿಮಿಷ ಬಿಟ್ಟು, ಅದರ ತಳಕ್ಕೆ ಬೆರಳಿನಿಂದ ಒಂದು ಹನಿ ನೀರು ಚಿಮುಕಿಸುತ್ತಾರೆ. ಹನಿ ಸದ್ದು ಮಾಡದೆ ಜಾರುತ್ತದೆ. ಅವರಿಗೆ ಬೇಕಾದದ್ದು ಅಷ್ಟೇ ಕಾವು. ತಟ್ಟನೆ ಪ್ಲಗ್ಗು ಕಿತ್ತು, ಎರಡು ಬಟರ್ ಪೇಪರ್ ನಡುವೆ ಇಟ್ಟಿರುವ ಹಳೆಯ ಕಾಮಿಕ್ ಪುಸ್ತಕದ ಹಾಳೆಯ ಮೂಲೆಗೆ ಪೆಟ್ಟಿಗೆಯ ಮೂತಿಯನ್ನಷ್ಟೇ ಊರಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಎತ್ತುತ್ತಾರೆ. ಯಾರೋ ಯಾವ ಕಾಲದಲ್ಲೋ ಮಡಿಸಿಟ್ಟ ಮೂಲೆ ನಿಧಾನವಾಗಿ ನೆಟ್ಟಗಾಗುತ್ತದೆ.

"ಅಂಗಿ ಆದ್ರೆ ಬಯ್ದು ಬಡಿದು ನೆಟ್ಟಗೆ ಮಾಡಬಹುದು. ಕಾಗದಕ್ಕೆ ಆ ದರ್ಪ ನಡೆಯಲ್ಲ. ವಯಸ್ಸಾದೋರಿಗೆ ಹೇಳಿದ ಹಾಗೆ ಮೆತ್ತಗೆ ಹೇಳಬೇಕು," ಎನ್ನುತ್ತಾರೆ ಮಾಮ. ಮೆತ್ತಗೆ ಎಂಬ ಮಾತು ಅವರ ಬಾಯಲ್ಲಿ ಬರುವುದು ಕಾಗದದ ವಿಷಯಕ್ಕೆ ಮಾತ್ರ. ಮಿಕ್ಕ ವಿಷಯಗಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಈಗಂತೂ ಒಂದು ತಿಂಗಳಿಂದ ಅದು ಇಳಿದೇ ಇಲ್ಲ. ಅವರ ಕಥೆ ಕೇಳಿದ ಮೇಲೆ ಕೇಳಿದವರಿಗೂ ಇಳಿಯುವುದಿಲ್ಲ.

ಮಾಮನಿಗೆ ಅರವತ್ತಮೂರು. ಜೊತೆಗೆ ಕೆಲಸ ಮಾಡುವ ಅವರ ಅಕ್ಕನಿಗೆ ಅರವತ್ತಾರು. ಒಡಹುಟ್ಟಿದ ಅಕ್ಕ ಅವರೊಬ್ಬರಿಗಾದರೂ ಐದು ಮಹಡಿಗೂ ಆಕೆ ಅಕ್ಕನೇ. ಬಟ್ಟೆಗೆ ನೀರು ಚಿಮುಕಿಸುವುದು, ಒಣಗಿದ್ದು ಒದ್ದೆಯಾಗಿದ್ದು ಬೇರೆ ಮಾಡುವುದು, ಗುರುತಿನ ಚೀಟಿ ಕಟ್ಟುವುದು, ತಮ್ಮನನ್ನು ಬಯ್ಯುವುದು ಆಕೆಯ ಪಾಲಿನ ಕೆಲಸ. ದಿನಕ್ಕೆ ನೂರಮೂವತ್ತು ಬಟ್ಟೆ, ವಾರದ ಮೊದಲ ದಿನವಾದರೆ ನೂರಎಂಬತ್ತು. ಪೆಟ್ಟಿಗೆಯ ತೂಕ ಐದೂವರೆ ಕಿಲೋ. ನಲವತ್ತೆಂಟು ವರ್ಷ ನಿಂತೇ ದುಡಿದ ಕಾಲುಗಳಲ್ಲಿ ರಕ್ತನಾಳಗಳು ಹಗ್ಗದಂತೆ ಎದ್ದಿವೆ. ಬಲ ಮುಂಗೈಯಲ್ಲಿ ಮೊಣಕೈವರೆಗೂ ಸುಟ್ಟ ಕಲೆಗಳು. "ಡಾಕ್ಟರು ಕೂತು ಕೆಲಸ ಮಾಡಿ ಅಂತಾರೆ. ಕೂತು ಇಸ್ತ್ರಿ ಮಾಡೋದು ಅವರೇ ಬಂದು ತೋರಿಸಲಿ," ಎಂದು ಮಾಮ ಸಿಡುಕುತ್ತಾರೆ.

ತಲೆಯ ಮೇಲಿನ ಹಲಗೆ ಅಟ್ಟದಲ್ಲಿ ಹೊಸ ಅಂಗಿಗಳ ಜೊತೆ ಬರುವ ರಟ್ಟಿನ ಡಬ್ಬಿಗಳು ಸಾಲಾಗಿ ಕೂತಿವೆ. ಒಳಗಿರುವುದು ಅಂಗಿಯಲ್ಲ, 'ಹಾರುವ ಸೈಕಲ್ಲು' ಎಂಬ ಮಕ್ಕಳ ಚಿತ್ರಕಥೆಯ ವಾರಪತ್ರಿಕೆ. ಒಬ್ಬ ಅಂಚೆಯವನು, ಅವನದೊಂದು ತುಕ್ಕು ಹಿಡಿದ ಸೈಕಲ್ಲು. ತಪ್ಪು ವಿಳಾಸದ ಕಾಗದ ಚೀಲದಲ್ಲಿದ್ದರೆ ಮಾತ್ರ ಅದು ಹಾರುತ್ತದೆ, ಸರಿಯಾದ ಮನೆ ಸಿಕ್ಕುವವರೆಗೂ ಇಳಿಯುವುದಿಲ್ಲ. ಇನ್ನೂರಹನ್ನೆರಡು ಸಂಚಿಕೆ ಬಂದು ಅಚ್ಚುಕೂಟ ಮುಚ್ಚಿತು. ಚಿತ್ರ ಬರೆದವರ ಹೆಸರನ್ನು ಆ ಪುಣ್ಯಾತ್ಮರು ಒಂದು ಸಂಚಿಕೆಯಲ್ಲೂ ಹಾಕಲಿಲ್ಲ. ಕಾಗದ ಕಡು ಅಗ್ಗದ್ದು. ಓದಿದ ಮಕ್ಕಳು ಹರಿದರು, ಹರಿಯದೆ ಉಳಿದದ್ದು ರದ್ದಿಗೆ ಹೋಯಿತು. ಅದರಲ್ಲಿ ನೂರಎಂಬತ್ತೇಳು ಸಂಚಿಕೆಗಳನ್ನು ಈ ಅಕ್ಕ-ತಮ್ಮ ಮೂವತ್ತು ವರ್ಷ ರದ್ದಿ ಅಂಗಡಿ, ಮನೆ ಖಾಲಿ ಮಾಡುವವರ ಮೂಟೆ, ಶಾಲೆಯ ಹಿಂದಿನ ಕಸದ ರಾಶಿ ತಡಕಿ ಕೂಡಿಸಿದ್ದಾರೆ.

ಒಂದೂ ನೆಟ್ಟಗಿಲ್ಲ. ಒಂದಕ್ಕೆ ರಕ್ಷಾಪುಟವಿಲ್ಲ, ಇನ್ನೊಂದಕ್ಕೆ ಇಲಿ ಕಡಿದ ಬೆನ್ನು. ಪ್ರತಿಯೊಂದಕ್ಕೂ ಬಟ್ಟೆಗೆ ಕಟ್ಟುವಂಥದೇ ಚೀಟಿ ಕಟ್ಟಿ ಅಕ್ಕ ಗುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. 'ನಲವತ್ತೊಂದು: ಮುಖಪುಟ ಇಲ್ಲ. ಒಂಬತ್ತನೇ ಪುಟದಲ್ಲಿ ಅಂಚೆಯವನಿಗೆ ಯಾರೋ ಮೀಸೆ ಬರೆದಿದ್ದಾರೆ, ಚೆನ್ನಾಗಿದೆ.' 'ನೂರಾ ಆರು: ಕೊನೇ ಪುಟದ ಒಗಟಿನ ಲೆಕ್ಕ ಯಾರೋ ತಪ್ಪು ಮಾಡಿದ್ದಾರೆ.' 'ನೂರಾ ಐವತ್ತು: ಯಾವುದೋ ಮಗು ಕಚ್ಚಿದೆ, ಮೇಲಿನ ಎರಡು ಹಲ್ಲು.'

ಹಳೆಯ ಕಾಮಿಕ್ಸ್ ಕೂಡಿಸುವ ದೊಡ್ಡ ಮನುಷ್ಯರ ಲೋಕದಲ್ಲಿ ಇಂಥ ಪುಸ್ತಕಗಳಿಗೆ ಮರ್ಯಾದೆ ಇಲ್ಲ. ಅಲ್ಲಿ ಹತ್ತು ಅಂಕದ ಲೆಕ್ಕ ಇದೆ. ಅಚ್ಚಿನ ಮನೆಯಿಂದ ಆಗತಾನೆ ಬಂದಂತಿದ್ದರೆ ಒಂಬತ್ತೂವರೆ, ಹತ್ತು. ಮೂಲೆ ಮಡಿಸಿದ್ದರೆ ಕಡಿತ, ಹೆಸರು ಬರೆದಿದ್ದರೆ ಕಡಿತ, ಬೆರಳಚ್ಚು ಬಿದ್ದಿದ್ದರೂ ಕಡಿತ. ಒಂಬತ್ತು ದಾಟಿದ್ದನ್ನು ದಪ್ಪ ಪ್ಲಾಸ್ಟಿಕ್ಕಿನ ಫಲಕದೊಳಗಿಟ್ಟು ಮೊಹರು ಹಾಕಿಸುತ್ತಾರೆ, ಆಮೇಲೆ ಅದನ್ನು ಯಾರೂ ತೆರೆಯುವಂತಿಲ್ಲ. ಮಾಮನ ಪುಸ್ತಕಗಳಿಗೆ ಸಿಕ್ಕುವುದು ಅರ್ಧ, ಒಂದು, ಹೆಚ್ಚೆಂದರೆ ಒಂದೂವರೆ. "ಓದದೇ ಇಟ್ಟ ಪುಸ್ತಕಕ್ಕೆ ಹತ್ತು, ಓದಿ ಓದಿ ಸವೆಸಿದ್ದಕ್ಕೆ ಒಂದೂವರೆ! ಅಂಗಿ ಹೊಲಿಸಿ ಯಾರೂ ಹಾಕ್ಕೋಬೇಡಿ ಅಂತ ಬೀರಲ್ಲಿ ಇಟ್ಟೋನು ಜಾಣ, ಮೈಮೇಲೆ ಹಾಕ್ಕೊಂಡು ದುಡಿದೋನು ದಡ್ಡ. ಯಾವ ಊರ ನ್ಯಾಯ ಇದು?" ಎಂದು ಕೇಳುವಾಗ ಅವರ ಕೈಯ ಪೆಟ್ಟಿಗೆ ಮೇಜಿಗೆ ದೊಪ್ಪನೆ ಬೀಳುತ್ತದೆ.

ತಪ್ಪು ತಾವೂ ಮಾಡಿದ್ದೇವೆಂದು ಮಾಮ ಬಚ್ಚಿಡುವುದಿಲ್ಲ. ಮೊದಮೊದಲು ಸುಕ್ಕು ಕಂಡರೆ ಕೈ ತಡೆಯುತ್ತಿರಲಿಲ್ಲ. ಕಸುಬು ಕಲಿಸಿದ ಚಟ. ಸಿಕ್ಕಿದ ಮೊದಲ ನಲವತ್ತು ಪುಸ್ತಕಗಳನ್ನು ಹತ್ತಿ ಅಂಗಿಯಂತೆ ನೀರು ಚಿಮುಕಿಸಿ, ಪೆಟ್ಟಿಗೆ ಕಾಯಿಸಿ, ತೀಡಿಯೇ ಬಿಟ್ಟರು. ನೋಡಲು ಹೊಸದರಂತೆ ಗರಿಗರಿ. ಎರಡು ವರ್ಷದಲ್ಲಿ ಹಾಳೆಗಳು ಕಂದಿ, ಮುಟ್ಟಿದರೆ ಪುಡಿಯಾಗತೊಡಗಿದವು. ಅದಕ್ಕಿಂತ ಕೆಟ್ಟದ್ದು ಮತ್ತೊಂದಿತ್ತು. ಮಕ್ಕಳು ಪೆನ್ಸಿಲ್ ಒತ್ತಿ ಬರೆದದ್ದರ ಗೀರು, ಉಗುರಿನಿಂದ ಎಳೆದ ಗೆರೆ, ಎಲ್ಲ ಹಬೆಗೆ ಉಬ್ಬಿ ಸಮವಾಗಿ ಮಾಯವಾಗಿದ್ದವು. ಆ ನಲವತ್ತನ್ನು ಅಕ್ಕ ಬೇರೆ ಡಬ್ಬಿಯಲ್ಲಿಟ್ಟಿದ್ದಾರೆ. ತಮ್ಮ ಜಂಬ ಕೊಚ್ಚಿದಾಗಲೆಲ್ಲ ಆ ಡಬ್ಬಿಯ ಕಡೆ ಸುಮ್ಮನೆ ಕೈ ತೋರಿಸುತ್ತಾರೆ.

ಇಷ್ಟರಲ್ಲಿ ಒಂದೇ ಒಂದು ಪುಸ್ತಕ ರದ್ದಿಯಿಂದ ಬಂದದ್ದಲ್ಲ. ಅದು ತೊಂಬತ್ತಮೂರನೇ ಸಂಚಿಕೆ. ಐವತ್ತಾರು ವರ್ಷದ ಹಿಂದಿನ ಮಾತು. ಅಪ್ಪ ಇದೇ ಗೂಡಿನಲ್ಲಿ ಇಸ್ತ್ರಿ ಮಾಡುತ್ತಿದ್ದರು. ಹತ್ತು ವರ್ಷದ ಅಕ್ಕ ಐದು ಮಹಡಿ ಹತ್ತಿ ಇಳಿದು ಬಟ್ಟೆ ಮುಟ್ಟಿಸುತ್ತಿದ್ದರು. ನಾಲ್ಕನೇ ಮಹಡಿಯ ಟೀಚರಮ್ಮ ಒಂದು ದಿನ ಆ ಪುಸ್ತಕ ಕೈಗಿಟ್ಟು "ಇದು ನಿನಗೇ" ಎಂದರು. "ನಮ್ಮ ಮನೆ ತುಂಬ ಬಟ್ಟೆ. ಒಂದೂ ನಮ್ಮದಲ್ಲ. ಮುಟ್ಟಿದ್ರೆ ಕೊಳೆ ಆಗುತ್ತೆ, ಮಡಚಿದ್ರೆ ಸುಕ್ಕು ಆಗುತ್ತೆ, ದೂರ ಕೂತ್ಕೋ ಅಂತ ಬೈಸಿಕೊಂಡೇ ಬೆಳೆದೋಳು ನಾನು. ನನ್ನದು ಅಂತ ಕೈಗೆ ಬಂದಿದ್ದು ಅದೊಂದೇ," ಎನ್ನುತ್ತಾರೆ ಅಕ್ಕ. ಏಳು ವರ್ಷದ ತಮ್ಮನ ಮೇಲೆ ನಂಬಿಕೆ ಸಾಲದೆ, ನಡುಪುಟದ ಕೆಳಗೆ, ಸೈಕಲ್ಲು ಮೋಡದೊಳಗೆ ಪಂಕ್ಚರಾಗುವ ಚಿತ್ರದ ಅಡಿಯಲ್ಲಿ, ಪೆನ್ಸಿಲ್ ಮುರಿಯುವಷ್ಟು ಒತ್ತಿ ಬರೆದಿಟ್ಟರು: 'ಇದು ನನ್ನ ಪುಸ್ತಕ. ತಮ್ಮ ಮುಟ್ಟಬಾರದು.'

ತಮ್ಮ ಮುಟ್ಟಿದ, ದಿನಾ ಮುಟ್ಟಿದ. ನಡುಹಾಳೆಯ ಅಂಚನ್ನು ಹರಿದೂ ಹಾಕಿದ. ದೊಡ್ಡವನಾದ ಮೇಲೆ ತೆಳು ಕಾಗದದ ತೇಪೆ ಹಾಕಿ ಅದನ್ನು ತಾನೇ ಸರಿ ಮಾಡಿದ. ತೇಪೆಯ ಅಂಚನ್ನು ಕತ್ತರಿಸದೆ ಬೆರಳಿನಿಂದ ಹರಿದರೆ ಅದು ಹಾಳೆಯಲ್ಲಿ ಬೆರೆತುಹೋಗುತ್ತದೆ ಎನ್ನುವುದು ಮಾಮನೇ ಕಂಡುಕೊಂಡ ಉಪಾಯ.

ಹೋದ ವರ್ಷ ಒಬ್ಬ ಸಂಗ್ರಾಹಕರು ಗೂಡು ಹುಡುಕಿಕೊಂಡು ಬಂದರು. ಇಸ್ತ್ರಿ ಮುರಿಯದ ಅಂಗಿ, ಸಿಹಿ ಮಾತು. ತಮ್ಮ ಬಳಿ 'ಹಾರುವ ಸೈಕಲ್ಲು' ಮೂವತ್ತು ಸಂಚಿಕೆ ಇವೆ, ಎಲ್ಲವೂ ಎಂಟು ಅಂಕ ದಾಟಿದವು ಎಂದರು. ತೊಂಬತ್ತಮೂರು ಮಾತ್ರ ಊನ, ನಡುಹಾಳೆ ಇಲ್ಲ. ಮಾಮನ ಪ್ರತಿಯನ್ನು ಒಂದು ವಾರ ಕೊಟ್ಟರೆ ಫೋಟೊ ತೆಗೆದು ಹಿಂತಿರುಗಿಸುವುದಾಗಿ ಕೈ ಮುಗಿದರು. ಅಕ್ಕ ಬೇಡವೆಂದರು. ಮಾಮ ಕೇಳಲಿಲ್ಲ. ನೂರಾರು ಮನೆಯವರು ಚೀಟಿ ಕೂಡ ಕೇಳದೆ ಬಟ್ಟೆ ಕೊಟ್ಟು ಹೋಗುತ್ತಾರೆ, ನಂಬಿಕೆಯ ಮೇಲೇ ನಡೆಯುವ ಕಸುಬು. ಆ ಮನುಷ್ಯನೂ ಹಾಗೇ ಎಂದುಕೊಂಡರು. ಪುಸ್ತಕ ತಿಂಗಳಾದ ಮೇಲೆ ವಾಪಸು ಬಂತು, ಒಳ್ಳೆಯ ಪ್ಲಾಸ್ಟಿಕ್ ಚೀಲದಲ್ಲಿ, ಬಾಯಿಗೆ ಟೇಪು ಅಂಟಿಸಿಕೊಂಡು. ಅಷ್ಟು ಚೆನ್ನಾಗಿ ಕಟ್ಟಿದ್ದಾರೆ, ಯಾಕೆ ಬಿಚ್ಚಬೇಕು ಎಂದು ಮಾಮ ಹಾಗೇ ಅಟ್ಟಕ್ಕಿಟ್ಟರು. ತಂದುಕೊಟ್ಟ ಬಟ್ಟೆಯನ್ನು ಎಣಿಸದೆ ಒಳಗಿಡುವ ಗಿರಾಕಿಯನ್ನು ದಿನಾ ಬಯ್ಯುವವರು ಇವರೇ.

ಕಳೆದ ತಿಂಗಳು ಊರಿನ ಗ್ರಂಥಾಲಯದ ಮೇಲಂತಸ್ತಿನಲ್ಲಿ ಆ ಸಂಗ್ರಾಹಕರ ಪುಸ್ತಕಗಳ ಪ್ರದರ್ಶನ ಏರ್ಪಾಟಾಯಿತು, ಹನ್ನೆರಡು ದಿನದ್ದು. ಅಕ್ಕ-ತಮ್ಮ ಗೂಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಮದುವೆಗೆ ಹೊರಟವರಂತೆ ಹೋದರು. ನಟ್ಟನಡುವಿನ ಗಾಜಿನ ಪೆಟ್ಟಿಗೆಯಲ್ಲಿ ತೊಂಬತ್ತಮೂರನೇ ಸಂಚಿಕೆ ನಡುಪುಟಕ್ಕೆ ತೆರೆದು ಕೂತಿತ್ತು. ಪಕ್ಕದ ಫಲಕದಲ್ಲಿ 'ಸಂಪೂರ್ಣವಾಗಿ ಉಳಿದಿರುವ ಏಕೈಕ ಪ್ರತಿ' ಎಂದಿತ್ತು. ಪ್ರದರ್ಶನ ಮುಗಿದೊಡನೆ ಅದಕ್ಕೆ ಮೊಹರು ಹಾಕಿಸಲಾಗುವುದೆಂದೂ ಬರೆದಿತ್ತು.

"ನಮ್ಮನೇದರ ಹಾಗೇ ಇದೆಯಲ್ಲೋ," ಎಂದರು ಅಕ್ಕ.

ಮಾಮ ಗಾಜಿನ ಹತ್ತಿರಕ್ಕೆ ಸರಿದರು. ಹಾಳೆಯ ಅಂಚಿನಲ್ಲಿ ತೇಪೆಯೊಂದಿತ್ತು, ಬೆರಳಿನಿಂದ ಹರಿದ ತೇಪೆ. ಕೊರಳಪಟ್ಟಿಯ ಸುಕ್ಕು ಹುಡುಕುವಾಗ ಅವರು ಬಟ್ಟೆಯನ್ನು ಮೇಲಿನಿಂದ ನೋಡುವುದಿಲ್ಲ. ಬಗ್ಗಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು, ಬೆಳಕಿಗೆ ಅಡ್ಡಲಾಗಿ ನೋಡುತ್ತಾರೆ. ಹಾಗೇ ಬಗ್ಗಿದರು. ಪೆನ್ಸಿಲ್ಲಿನ ಕಪ್ಪು ಎಲ್ಲೂ ಇರಲಿಲ್ಲ. ಆದರೆ ಕಾಗದದಲ್ಲಿ ಗೀರು ಇತ್ತು, ಒಂದೊಂದು ಅಕ್ಷರವೂ ಇತ್ತು. ತಮ್ಮ ಮುಟ್ಟಬಾರದು.

ಗೂಡಿಗೆ ಬಂದು ಚೀಲದ ಟೇಪು ಕಿತ್ತು ಎಣಿಸಿದರು. ಮೂವತ್ತೆರಡು ಪುಟ ಇರಬೇಕಾದಲ್ಲಿ ಇಪ್ಪತ್ತೆಂಟು. ನಡುಹಾಳೆ ಇಲ್ಲ. ಅಂದು ರಾಶಿ ಬಿದ್ದ ಬಟ್ಟೆಗೆ ಮಾಮ ಕೈ ಹಚ್ಚಲಿಲ್ಲ. ನಲವತ್ತೆಂಟು ವರ್ಷದಲ್ಲಿ ಹಾಗಾದದ್ದು ಅಪ್ಪ ತೀರಿಕೊಂಡ ದಿನ ಬಿಟ್ಟರೆ ಅದೇ ಮೊದಲು.

ಮರುದಿನ ಫೋನಿನಲ್ಲಿ ಸಂಗ್ರಾಹಕರು ಹೇಳಿದ್ದನ್ನು ಮಾಮ ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ. "ನೋಡಿ ಯಜಮಾನ್ರೇ, ನಿಮ್ಮದು ಹತ್ತಕ್ಕೆ ಒಂದೂವರೆ. ಅದು ಹೇಗೂ ಹೋಗೋ ಪುಸ್ತಕ. ಎರಡು ಅರೆಬರೆ ಸೇರಿಸಿ ಒಂದು ಪೂರ್ತಿ ಮಾಡಿದ್ದೀನಿ. ಇದು ನಮ್ಮಲ್ಲಿ ಎಲ್ಲರೂ ಮಾಡೋದೇ. ಆ ಮಕ್ಕಳ ಗೀಚಾಟದ ಕೊಳೆ ಬೇರೆ ತೆಗೆಸಿದ್ದೀನಿ. ನಿಮಗೆ ಉಪಕಾರ ಆಯ್ತು ಅಂದ್ಕೊಳ್ಳಿ." ಫಲಕದ ಕೆಳಗೆ 'ಸಹಕಾರ' ಎಂದು ಮಾಮನ ಅಂಗಡಿಯ ಹೆಸರು ಹಾಕಿಸಲೂ ಅವರು ಸಿದ್ಧರಿದ್ದರಂತೆ. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರೆ. ಈ ಮಹಾಶಯರಿಗೆ ನೆವದ ಜೊತೆ ಉಪಕಾರದ ಪಟ್ಟವೂ ಬೇಕಾಗಿತ್ತು. ಒಂದು ಮಗು ಜೀವಮಾನದಲ್ಲಿ ಮೊದಲ ಸಲ ನನ್ನದು ಎಂದು ಬರೆದದ್ದನ್ನು ಕೊಳೆ ಎಂದು ಉಜ್ಜಿಸಿ ಹಾಕಿ, ಆ ಮಗುವಿನ ತಮ್ಮನಿಗೇ ಅದನ್ನು ಹೇಳುವ ನಾಲಿಗೆಗೆ ಏನೆನ್ನಬೇಕು?

ಮಾಮ ಕೆಂಡಾಮಂಡಲವಾಗಿ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡೇ ಹೊರಟಿದ್ದರಂತೆ. ತಡೆದದ್ದು ಅಕ್ಕ. "ಗಾಜು ಒಡೆದ್ರೆ ಕಳ್ಳ ನೀನಾಗ್ತೀಯ. ಸುಮ್ಮನಿರು, ನಾನು ಹೋಗ್ತೀನಿ," ಎಂದರು.

ಹೋಗಿ ಮಾಡಿದ್ದಿಷ್ಟೇ. ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ಮೇಲಂತಸ್ತಿಗೆ ಹತ್ತಿ, ಗಾಜಿನ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಕೂಗಾಡಲಿಲ್ಲ, ಚೀಟಿ ಹಂಚಲಿಲ್ಲ. ನೋಡಲು ಬಂದ ಒಬ್ಬೊಬ್ಬರಿಗೂ ಒಂದೇ ಮಾತು: "ಮೇಲಿಂದ ನೋಡಿದ್ರೆ ಕಾಣಲ್ಲಪ್ಪ. ಸ್ವಲ್ಪ ಬಗ್ಗಿ, ಪಕ್ಕದಿಂದ ನೋಡು. ಕೆಳಗಡೆ ಏನು ಬರೆದಿದೆ ಓದು." ಜನ ಬಗ್ಗಿದರು. ಓದಿದರು. ಮೊದಲು ನಕ್ಕರು, ಆಮೇಲೆ ಬರೆದವರು ಯಾರು, ಅಳಿಸಿದವರು ಯಾರು ಎಂದು ಕೇಳಿದರು. ಅಕ್ಕ ಎರಡಕ್ಕೂ ಉತ್ತರ ಕೊಟ್ಟರು. ಕಾವಲಿನವನು ಏಳಿಸಲು ಬಂದ. ಕುರ್ಚಿ ಇಟ್ಟಿರೋದು ಕೂರೋಕೆ ತಾನೇ ಎಂದು ಕೇಳಿ ಅಕ್ಕ ಅವನಿಗೂ ಗಾಜಿನ ಕಡೆ ಕೈ ತೋರಿಸಿದರು. ಅವನೂ ಬಗ್ಗಿ ಓದಿದ. ನಾಲ್ಕನೇ ದಿನದ ಹೊತ್ತಿಗೆ ಬೇರೆ ಇಪ್ಪತ್ತೊಂಬತ್ತು ಪುಸ್ತಕಗಳ ಮುಂದೆ ನೊಣವೂ ಇರಲಿಲ್ಲ, ಈ ಒಂದರ ಮುಂದೆ ಸಾಲು ಮೆಟ್ಟಿಲವರೆಗೆ ಬೆಳೆದಿತ್ತು.

ಐದನೇ ದಿನ ಗ್ರಂಥಪಾಲಕಿ ತಾವೇ ಬಂದು ಬಗ್ಗಿದರು. ಎದ್ದವರು ಸಂಗ್ರಾಹಕರನ್ನೂ ಮಾಮನನ್ನೂ ಕರೆಸಿ, ಗಾಜಿನ ಪೆಟ್ಟಿಗೆ ತೆಗೆಸಿ, ಮಾಮನ ಇಪ್ಪತ್ತೆಂಟು ಪುಟದ ಪ್ರತಿಯನ್ನು ಪಕ್ಕದಲ್ಲಿಟ್ಟು ನೋಡಿದರು. ತೇಪೆ ಹಾಕಿದ್ದ ಹರಕು ಪಕ್ಕದ ಹಾಳೆಗೂ ದಾಟಿತ್ತು. ಎರಡನ್ನೂ ಜೋಡಿಸಿದರೆ ಕೂದಲೆಳೆ ಅಂತರವಿಲ್ಲದೆ ಕೂಡಿಕೊಂಡಿತು. ಸಂಗ್ರಾಹಕರು ತಮ್ಮ ಪ್ರತಿಯ ಬೆನ್ನು ತೋರಿಸಿದರು. ಕೊಡುವುದಕ್ಕೇನೂ ಅಡ್ಡಿಯಿಲ್ಲ, ಆದರೆ ಬೆನ್ನಿಗೆ ಅಂಟು ಹಾಕಿ ಕೂರಿಸಿದೆ, ಬಿಡಿಸಿದರೆ ಎರಡೂ ಹರಿಯುತ್ತವೆ ಎಂದು ರಾಗ ಎಳೆದರು.

"ನಾನು ಬಿಡಿಸ್ತೀನಿ," ಎಂದರು ಮಾಮ.

"ಹಾಗಾದ್ರೆ ಹಬೆ ಹಿಡೀರಿ. ಎರಡೇ ನಿಮಿಷ," ಎಂದರು ಸಂಗ್ರಾಹಕರು.

ಆಗ ಮಾಮ ಕೂಗಿದ ಕೂಗು ಕೆಳಗಿನ ಓದುವ ಕೋಣೆಗೂ ಕೇಳಿಸಿತಂತೆ. "ಹಬೆ ಹಿಡಿದ್ರೆ ಗೀರು ಎದ್ದು ಸಮ ಆಗುತ್ತೆ ಸಾರ್! ಪೆನ್ಸಿಲ್ ಅಳಿಸಿದ್ದು ಸಾಲದಾ ನಿಮಗೆ? ಉಳಿದಿರೋದೂ ಹೋಗಬೇಕಾ?" ನಲವತ್ತು ಪುಸ್ತಕ ಹಾಳು ಮಾಡಿ ಕಲಿತ ಪಾಠ ಅದು. ಅಕ್ಕನ ಸೆರಗಿನಿಂದ ಹತ್ತಿಯ ನೂಲು ಎಳೆದು, ಒದ್ದೆ ಮಾಡಿ, ಹಿಂಡಿ, ಅಂಟು ಇದ್ದ ಮಡಿಕೆಯೊಳಗೆ ಮಾತ್ರ ಮಲಗಿಸಿದರು. ಕಾದರು. ತೆಗೆದು ಇನ್ನೊಂದು ನೂಲು ಹಾಕಿದರು. ಒಂದು ಗಂಟೆ ಹತ್ತು ನಿಮಿಷ, ಆರು ನೂಲು. ಒಂದು ಹನಿ ಅತ್ತಿತ್ತ ಹರಿದಿದ್ದರೆ ಮಾತು ಅಳಿಯುತ್ತಿತ್ತು. ಹರಿಯಲಿಲ್ಲ. ನಡುಹಾಳೆ ಬಾಳೆಸಿಪ್ಪೆಯಷ್ಟು ಸಲೀಸಾಗಿ ಕಳಚಿಕೊಂಡು ಕೈಗೆ ಬಂತು. ಸಂಗ್ರಾಹಕರು ಕ್ಷಮೆ ಕೇಳಿದರೇ ಎಂದರೆ ಮಾಮ ನಗುತ್ತಾರೆ. "ಕೇಳಿದ್ರು. ಗ್ರಂಥಪಾಲಕಿ ಮೇಡಂ ಹತ್ರ."

ಕಳೆದ ಸೋಮವಾರ ಗುಂಡಿ ಹಾಕುವ ದಾರದಲ್ಲೇ ಹಾಳೆಯನ್ನು ಅದರ ಪುಸ್ತಕಕ್ಕೆ ಹೊಲಿದಾಗಿದೆ. ಬಟ್ಟೆ ಕೊಡಲು ಬಂದವರು ಬೆಂಚಿನ ಮೇಲೆ ಕೂತು ಅದನ್ನು ಓದುತ್ತಾರೆ. ಬೀಗ ಹಾಕಿಡಿ ಎಂದ ಮೂರನೇ ಮಹಡಿಯವರಿಗೆ ಮಾಮ ಗದರಿದ್ದಾರೆ. ಆದರೆ ಅವರಿಗೊಂದು ಆಸೆ ಉಳಿದಿತ್ತು. ಹೊಲಿಗೆ ಮುಗಿದ ಕೂಡಲೇ ಹೊಸ ಪೆನ್ಸಿಲ್ಲಿಗೆ ಮೊನೆ ಮಾಡಿ, ಪುಸ್ತಕ ಬಿಡಿಸಿ ಅಕ್ಕನ ಮುಂದಿಟ್ಟರು.

"ಬರಿ ಅಕ್ಕ. ಗೀರಿನ ಮೇಲೇ ಬರಿ. ಮೊದಲಿದ್ದ ಹಾಗೇ ಆಗಲಿ."

ಅಕ್ಕ ಪೆನ್ಸಿಲ್ ಹಿಡಿದು, ಹಾಳೆಯ ಮಟ್ಟಕ್ಕೆ ಬಗ್ಗಿ ತುಂಬ ಹೊತ್ತು ನೋಡಿದರು. ಆಮೇಲೆ ಪೆನ್ಸಿಲ್ಲನ್ನು ತಮ್ಮನ ಜೇಬಿಗೇ ಸಿಕ್ಕಿಸಿದರು.

"ಬೇಡ ಕಣೋ. ಮೇಲೆ ಬರೆದ್ರೆ ಅವನು ಅಳಿಸಿದ್ದು ಮುಚ್ಚಿಹೋಗುತ್ತೆ. ಹೀಗೇ ಇರಲಿ, ಓದೋರು ತಲೆ ಬಗ್ಗಿಸಿ ಓದಲಿ."